ಅಂಚಿನಾಚೆ ಎರಡು ಬೆರಳು

ನಾನು ನಿಂತಿದ್ದದ್ದು ಶಾಲೆಯ ಅಡುಗೆ ಕೋಣೆಯ ಬಾಗಿಲಿಗೆ ಎಡಗಡೆ, ನೀರಿನ ಟಾಕಿಯ ಪಕ್ಕ. ಕೈ ಚಾಚಿದರೆ ಬಾಗಿಲಿನ ಚೌಕಟ್ಟು ಸಿಗುತ್ತಿತ್ತು. ದಿನ, ಪೋಳಾ ಹಬ್ಬದ ಹಿಂದಿನ ಮಂಗಳವಾರ. ಮಧ್ಯಾಹ್ನದ ಗಂಟೆ ಬಾರಿಸಿ, ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ವರಾಂಡದಲ್ಲಿ ಸಾಲಾಗಿ ಕೂತಿದ್ದರು. ಮಳೆ ನಿಂತಿತ್ತು, ತಗಡಿನ ಅಂಚಿನಿಂದ ಹನಿ ಮಾತ್ರ ಬೀಳುತ್ತಿತ್ತು. ನನ್ನ ಮತ್ತು ಬಾಗಿಲಿನ ನಡುವೆ ಯಾರೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಧ್ಯಾಹ್ನದ ಬಗ್ಗೆ ಆಮೇಲೆ ಬಹಳ ಮಾತು ಹುಟ್ಟಿತು. ಅಂದು ಊರಲ್ಲೇ ಇಲ್ಲದವರೂ ಕಣ್ಣಾರೆ ಕಂಡಂತೆ ಹೇಳಿದರು. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಬರೆಯಬೇಕೆನಿಸಿದ್ದು ಹೋದ ತಿಂಗಳು. ಮಳೆಯಲ್ಲಿ ನೆನೆದ ಬೂಟಿನಿಂದ ನನ್ನ ಕಾಲ್ಬೆರಳ ಸಂದಿಯಲ್ಲಿ ತುರಿಕೆ ಹತ್ತಿತ್ತು. ಬೀದರಿನಲ್ಲಿ ಡಾಕ್ಟರ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಒಂದು ಟ್ಯೂಬ್ ಕೊಂಡೆ. ಸಂಜೆ ಭಾಲ್ಕಿಯ ಮನೆಯಲ್ಲಿ ಕಾಲು ತೊಳೆದು, ಒರೆಸಿಕೊಂಡು, ಟ್ಯೂಬಿನ ಮುಚ್ಚಳ ತಿರುಗಿಸಿದೆ. ಆ ಮುಲಾಮಿಗೆ ವಾಸನೆ ಇಲ್ಲವೆಂದೇ ಎಲ್ಲರೂ ಹೇಳುತ್ತಾರೆ. ಇದೆ. ಹೊಸದಾಗಿ ಸುಣ್ಣ ಬಳಿದ ಗೋಡೆ ಮಳೆಗಾಳಿಗೆ ತಣ್ಣಗಾದಾಗ ಬರುವಂಥ, ಬಂತೋ ಇಲ್ಲವೋ ಎನ್ನುವಂಥ ವಾಸನೆ. ಅದು ಮೂಗಿಗೆ ತಾಗಿದ ಕೂಡಲೇ ಬೆರಳ ತುದಿಯಲ್ಲಿ ಬಿಳಿ ಹನಿ ಹಿಡಿದುಕೊಂಡೇ ನಾನು ಸುಮ್ಮನೆ ಕೂತುಬಿಟ್ಟೆ. ಹೆಂಡತಿ ಎರಡು ಸಲ ಊಟಕ್ಕೆ ಕರೆದದ್ದು ಕೇಳಿಸಿತು. ಆದರೆ ನಾನು ಔರಾದ್ ತಾಲ್ಲೂಕಿನ ಆ ಊರಿನಲ್ಲಿದ್ದೆ, ಒದ್ದೆ ಕಪ್ಪು ಮಣ್ಣಿನಲ್ಲಿ, ಆ ಶ್ರಾವಣದಲ್ಲಿ.

ಊರಿನ ಹೆಸರು ಬರೆಯುವುದಿಲ್ಲ. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಸಂತೆಗೆ ಔರಾದಕ್ಕೆ ಹೋಗುವವರಷ್ಟೇ ಜನ ಉದಗೀರಿಗೂ ಹೋಗುತ್ತಾರೆ. ಕೊರೊನಾದ ಬೀಗ ತೆಗೆದು ಶಾಲೆ ಮತ್ತೆ ತುಂಬಿದ ಮೇಲೆ ಅದು ಎರಡನೆಯ ಮಳೆಗಾಲ. ನಾನು ಸೋಮವಾರ ಬೆಳಗಿನ ಬಸ್ಸಿಗೆ ಭಾಲ್ಕಿಯಿಂದ ಹೋಗಿ, ಅಲ್ಲೇ ಒಂದು ಕೋಣೆಯಲ್ಲಿದ್ದು, ಶನಿವಾರ ಮರಳುತ್ತಿದ್ದೆ. ಆ ವರ್ಷ ಜಿಟಿಜಿಟಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಜೋರಾಗಿ ಸುರಿಯುತ್ತಿರಲಿಲ್ಲ, ಪೂರಾ ನಿಲ್ಲುತ್ತಲೂ ಇರಲಿಲ್ಲ. ಹೆಸರು, ಉದ್ದು, ಸೋಯಾ ಬೆಳೆದ ಬಯಲು ಬೆಳಗ್ಗೆ ಮಂಜಿನಲ್ಲಿ ಮುಳುಗಿ, ಹೊತ್ತೇರಿದಂತೆ ನಿಧಾನಕ್ಕೆ ಮೇಲೆ ತೇಲಿಬಂದಂತೆ ಕಾಣುತ್ತಿತ್ತು. ಸೂರ್ಯ ಎಲ್ಲಿದ್ದಾನೆಂದು ಊಹಿಸಬೇಕಿತ್ತು. ಹಗ್ಗದ ಮೇಲೆ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಮಕ್ಕಳ ಸಮವಸ್ತ್ರದಿಂದ ಒಂದು ಮುಗ್ಗಲು ವಾಸನೆ ಬರುತ್ತಿತ್ತು. ತರಗತಿಯಲ್ಲಿ ಪಾಠ ಹೇಳುತ್ತಿದ್ದರೆ ನನ್ನ ದನಿಯೇ ನನಗೆ ದೂರದಿಂದ ಕೇಳಿಸಿದಂತಾಗುತ್ತಿತ್ತು.

ಬಿಸಿಯೂಟದ ಅಡುಗೆಗೆ ಸುಮನಬಾಯಿ ಇದ್ದಳು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಗಟ್ಟಿ ದನಿ. ಅಡುಗೆಗೆ ನಿಂತರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಪ್ಪಸದ ತೋಳು ಮೇಲೇರಿಸಿ, ಮೊಳಕೈವರೆಗೂ ಬರಿಗೈಯಾಗಿರುತ್ತಿದ್ದಳು. ಸಹಾಯಕ್ಕೆ ಜಗದೇವಿ ಎಂಬ ಇನ್ನೊಬ್ಬಳು. ತಟ್ಟೆ ಮುಂದಿಟ್ಟು ಕಾಯುವ ಮಕ್ಕಳಿಗೆ ಸುಮನಬಾಯಿ, "ಸಬೂರ ಮಾಡ್ರಿ ಸಾಹೇಬ್ರ, ಬೇಳಿ ಏನು ನಿಮ್ಮ ನೌಕರ ಅದೇನು, ಕರದ ಕೂಡ್ಲೆ ಕುದಿಲಾಕ?" ಎನ್ನುತ್ತಿದ್ದಳು.

ಆಕೆಯ ಮನೆ ಊರಿನ ಪಶ್ಚಿಮಕ್ಕೆ, ನೀಲಿ ಬಾವುಟದ ಕಟ್ಟೆಯ ಹತ್ತಿರ, ಬೌದ್ಧರ ಓಣಿಯಲ್ಲಿ. ಆಕೆ ಅಡುಗೆಗೆ ಬಂದ ಹೊಸದರಲ್ಲಿ ಕೆಲವು ಮಕ್ಕಳು ಮನೆಗೆ ಹೋಗಿ ಉಂಡು ಬರುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಅದು ಹಳೆಯ ಮಾತಾಗಿತ್ತು. ಎಲ್ಲ ಮಕ್ಕಳೂ ಉಣ್ಣುತ್ತಿದ್ದರು, ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಸತ್ತುಹೋಗಿದೆ ಎಂದೇ ನಾನು ತಿಳಿದಿದ್ದೆ.

ಆಷಾಢದಲ್ಲಿ ಆಕೆಯ ಬಲಗೈ ಮೇಲೆ, ಮಣಿಕಟ್ಟು ಮುಗಿಯುವಲ್ಲಿ, ಒಂದು ಉಂಗುರ ಎದ್ದಿತು. ನಡುವೆ ಚರ್ಮ ಸರಿಯಾಗಿಯೇ ಇತ್ತು. ಸುತ್ತಲಿನ ಅಂಚು ಮಾತ್ರ ಕೆಂಪಾಗಿ, ರವೆ ಉದುರಿಸಿದಂತೆ ಉಬ್ಬಿತ್ತು. ಊರಲ್ಲಿ ಕೆಲವರು ದಾದ್ ಎಂದರು, ಕೆಲವರು ಗಜಕರ್ಣ ಎಂದರು. ನಮ್ಮ ಪುಸ್ತಕದ ಕನ್ನಡದಲ್ಲಿ ಅದು ಹುಳುಕಡ್ಡಿ. ಉದಗೀರಿನಲ್ಲಿದ್ದ ನಾದಿನಿ ಅಲ್ಲಿಯ ಅಂಗಡಿಯಿಂದ, ಯಾವ ಡಾಕ್ಟರನ್ನೂ ಕೇಳದೆ, ಒಂದು ಟ್ಯೂಬ್ ಕೊಂಡು ಕಳಿಸಿದಳು. ಕೆಲವೇ ದಿನಗಳಲ್ಲಿ ಉಂಗುರ ಮಾಯವಾಯಿತು.

"ನೋಡ್ರಿ ಸರ್, ಕನ್ನಡಿ ಆಗ್ಯದ," ಎಂದು ಕೈ ಮುಂದೆ ಚಾಚಿ ತೋರಿಸಿದಳು. ನಾವೆಲ್ಲ ನೋಡಿ ಸಂತೋಷಪಟ್ಟೆವು.

ಟ್ಯೂಬ್ ಹಚ್ಚುವುದು ಬಿಟ್ಟ ಮೇಲೆ ಉಂಗುರ ಮರಳಿ ಬಂತು. ಈ ಸಲ ಒಂದಲ್ಲ. ಉಂಗುರದೊಳಗೆ ಉಂಗುರ, ನಿಂತ ನೀರಿಗೆ ಹನಿ ಬಿದ್ದಾಗ ಏಳುತ್ತವಲ್ಲ, ಹಾಗೆ. ಎರಡೂ ಕೈಗೆ ಹಬ್ಬಿತು.

ಕಸ್ತೂರಬಾಯಿಯ ಬಗ್ಗೆ ಇಲ್ಲಿಯೇ ಹೇಳಬೇಕು. ಊರಲ್ಲಿ ಒಳ್ಳೆಯ ಹೊಲ ಇದ್ದ ಮನೆಯ ಯಜಮಾನಿ. ಗಂಡನಿಗಿಂತ ಆಕೆಯೇ ಹೊಲ ನಡೆಸುತ್ತಿದ್ದಳು. ಮಗಳು ಅಂಬಿಕಾ ನನ್ನ ಏಳನೆಯ ತರಗತಿಯಲ್ಲಿದ್ದಳು. ಹೆಸರುಕಾಯಿ ಬಿಡಿಸುವ ದಿನಗಳಲ್ಲಿ, ಶಾಲೆಗೆ ರಜೆಯಿರುವ ಭಾನುವಾರ, ಸುಮನಬಾಯಿ ಕಸ್ತೂರಬಾಯಿಯ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಹಳ್ಳ ತುಂಬಿ ಬಸ್ಸು ನಿಂತು, ಭಾಲ್ಕಿಗೆ ಹೋಗಲಾಗದೆ ನಾನೂ ಆ ಕಡೆ ತಿರುಗಾಡಲು ಹೋಗಿದ್ದೆ. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೆಯ, ತುಂಬುತೋಳಿನ ಅಂಗಿ ತೊಡುತ್ತಾರೆ. ಬಿಸಿಲಿಗೂ ಆಯಿತು, ಎಲೆಯ ತುರಿಕೆಗೂ ಆಯಿತು. ಕಸ್ತೂರಬಾಯಿಯ ಹೊಲದ ಕೊಟ್ಟಿಗೆಯಲ್ಲಿ ಗೂಟಗಳ ಮೇಲೆ ಅಂಥ ಅಂಗಿಗಳು ಸದಾ ತೂಗುತ್ತಿದ್ದವು. ಯಾರು ಮೊದಲು ಬಂದರೋ ಅವರ ಕೈಗೆ ಸಿಕ್ಕದ್ದು ಅವರದು. ಸಂಜೆ ಒದ್ದೆಯಾದದ್ದನ್ನು ಮತ್ತೆ ಗೂಟಕ್ಕೆ ಹಾಕುವುದು, ಮರುದಿನ ಇನ್ನೊಬ್ಬರು ತೊಡುವುದು. ಇಂಥವರದು ಇಂಥ ಅಂಗಿ ಎಂದು ಇರಲಿಲ್ಲ. ಒಂದು ನೀಲಿ ಚೌಕಳಿಯ ಅಂಗಿಯನ್ನು ಕಸ್ತೂರಬಾಯಿ ತಾನು ಬಿಚ್ಚಿ ಸುಮನಬಾಯಿಯ ಕಡೆ ಎಸೆದದ್ದನ್ನು ನಾನೇ ನೋಡಿದೆ.

ನನ್ನನ್ನು ಕಂಡು ಕಸ್ತೂರಬಾಯಿ ಕೂಗಿದಳು: "ಬರ್ರಿ ಮಾಸ್ತರ್ರ, ನೀವೂ ಒಂದು ಅಂಗಿ ಹಾಕ್ಕೋರಿ. ಸಂಜಿಕ ಪಗಾರ ಕೊಡ್ತೇನಿ."

"ಅವರಿಗಿ ಬಾಗ್ಲಾಕ ಬರಂಗಿಲ್ಲಕ್ಕಾ," ಎಂದಳು ಸುಮನಬಾಯಿ. "ಸರ್ಕಾರಿ ಬೆನ್ನದ ಅದು."

ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆ ನಗು ಮಂಜಿನಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಂತಿತ್ತು. ಹಸಿರು ಕಾಯಿಯ, ಒದ್ದೆ ಬಟ್ಟೆಯ ವಾಸನೆ. ಬಗ್ಗಿದ ಬೆನ್ನುಗಳ ಸಾಲು, ಮಣಿಕಟ್ಟು ಮುಚ್ಚಿ ಬೆರಳಿನವರೆಗೂ ಇಳಿದ ದೊಡ್ಡ ತೋಳುಗಳು. ಆ ಚಿತ್ರ ಇಂದಿಗೂ ನನ್ನ ಕಣ್ಣಲ್ಲಿ ಹಾಗೇ ಇದೆ. ಆಗ ಅದರಲ್ಲಿ ನನಗೆ ಏನೂ ಕಾಣಲಿಲ್ಲ.

ನಾಗರಪಂಚಮಿ ಕಳೆದ ಮೇಲೆ ಮಕ್ಕಳ ಮೈಮೇಲೂ ಉಂಗುರ ಕಾಣಿಸಿಕೊಂಡವು. ಒಬ್ಬನ ಕಿವಿಯ ಹಿಂದೆ, ಅಂಬಿಕಾಳ ಕುತ್ತಿಗೆಯ ಮೇಲೆ, ಇನ್ನೊಬ್ಬಳ ಕೆನ್ನೆಯ ಮೇಲೆ. ಊರು ಕಾರಣ ಹುಡುಕಲು ದೂರ ಹೋಗಲಿಲ್ಲ. ದಿನಾ ಎಲ್ಲರ ಕಣ್ಣಿಗೆ ಬೀಳುವ ಕೈ ಒಂದೇ ಇತ್ತು. ಕೊರೊನಾ ಕಳೆದು ಇನ್ನೂ ಬಹಳ ದಿನವಾಗಿರಲಿಲ್ಲ. ಅಂಟು ಎಂಬ ಮಾತಿಗೆ ಜನ ಬೇಗ ಬೆಚ್ಚುತ್ತಿದ್ದರು. ಆದರೆ ಸತ್ತಿದೆ ಎಂದು ನಾನು ತಿಳಿದಿದ್ದ ಹಳೆಯ ಮಾತು ಈ ಹೊಸ ಮಾತಿನ ಬೆನ್ನ ಹಿಂದೆ ನಿಂತಿತ್ತು. "ಮೊದಲೇ ಹೇಳಿದ್ದೆವು" ಎಂದು ಒಂದಿಬ್ಬರು ಅಂದರು. ಏನನ್ನು ಮೊದಲೇ ಹೇಳಿದ್ದರು ಎಂಬುದನ್ನು ಬಿಡಿಸಿ ಹೇಳಲಿಲ್ಲ.

ಕಸ್ತೂರಬಾಯಿಯೂ ಇನ್ನು ಕೆಲವರೂ ದೂರು ಹೇಳಿದ್ದರಿಂದ ಶಾಲಾ ಸಮಿತಿಯ ಅಧ್ಯಕ್ಷ ಮಾಣಿಕರಾವ ಒಂದು ದಿನ ಬಂದು ಹೆಡ್ ಮೇಡಂ ಎದುರು ಕುರ್ಚಿಯಲ್ಲಿ ಕೂತರು. ಕೆಟ್ಟ ಮನುಷ್ಯರಲ್ಲ, ಯಾರ ಜೊತೆಗೂ ಜಗಳ ಬೇಡವೆನ್ನುವವರು. ಸುಮನಬಾಯಿಯನ್ನು ಕರೆಸಿದರು.

"ಪೋಳಾ ಬರ್ಲತ್ತದ. ಹಬ್ಬದ ಒಳಗ ಕೈ ಸಾಫ್ ಆಗಿರಬೇಕು ನೋಡವ್ವ. ಇಲ್ಲಂದ್ರ ಬ್ಯಾರೆ ಹೆಣ್ಮಗಳಿಗಿ ನೋಡಬೇಕಾಗ್ತದ."

"ಎಷ್ಟು ದಿನಕ್ಕರಿ ಬ್ಯಾರೆ ಹೆಣ್ಮಗಳು?"

"ಒಮ್ಮಿ ಬಂದಾಕಿಗಿ ಹೋಗು ಅನ್ಲಾಕ ಆಗ್ತದೇನು?"

ಸುಮನಬಾಯಿ ಸೆರಗೆಳೆದು ಕೈ ಮುಚ್ಚಿಕೊಂಡಳು. ಗಂಡ ತೀರಿಕೊಂಡ ಮೇಲೆ ಮಗನನ್ನು ಬೀದರಿನ ಹಾಸ್ಟೆಲಿನಲ್ಲಿ ಇಟ್ಟು ಓದಿಸುತ್ತಿದ್ದಳು. ಆದರೆ ಆ ಹೊತ್ತು ಆಕೆಯ ಮುಖ ನೋಡಿದಾಗ ನನಗೆ ಅನಿಸಿದ್ದು ಬರೀ ಕೂಲಿಯ ಮಾತಲ್ಲ. ಆ ಒಲೆಯ ಮುಂದೆ ನಿಲ್ಲಲು ಆಕೆ ಒಮ್ಮೆ ಒಂದು ಊರನ್ನೇ ಗೆದ್ದಿದ್ದಳು. ಇನ್ನೊಮ್ಮೆ ಮೊದಲಿನಿಂದ ಗೆಲ್ಲಬೇಕಿತ್ತು.

ಪೋಳಾ ಎಂದರೆ ಶ್ರಾವಣದ ಅಮಾವಾಸ್ಯೆ, ಎತ್ತುಗಳನ್ನು ಸಿಂಗರಿಸುವ ಹಬ್ಬ. ಎರಡು ವಾರ ಚಿಲ್ಲರೆ ಉಳಿದಿತ್ತು.

ಆ ಶನಿವಾರ ಹೆಡ್ ಮೇಡಂ ಹೇಳಿದ್ದರಿಂದ ನಾನು ಆಕೆಯನ್ನು ಬೀದರಿನ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ, ಜಗದೇವಿಯೂ ಬಂದಳು. ಬಸ್ಸಿನ ಗಾಜಿನ ಮೇಲೆ ಹೊರಗಿನ ಹೊಲಗಳು ಕರಗಿ ಇಳಿಯುತ್ತಿದ್ದವು. ಕಪ್ಪು ನೆಲ ಎಲ್ಲಿ ಮುಗಿದು ಬೀದರಿನ ಕೆಂಪು ನೆಲ ಎಲ್ಲಿ ಶುರುವಾಗುತ್ತದೆಂದು ನೋಡುತ್ತಾ ನಾನು ಅರೆನಿದ್ದೆಯಲ್ಲಿದ್ದೆ. ಸುಮನಬಾಯಿ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು, ಚಳಿಯಲ್ಲಿ ಕೂತವರಂತೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿದರು. ಉದಗೀರಿನ ಟ್ಯೂಬನ್ನು ತಿರುಗಿಸಿ ಅದರ ಮೇಲಿನ ಸಣ್ಣ ಅಕ್ಷರ ಓದಿದರು.

"ಇದು ಹಚ್ಚಿದ ಕೂಡ್ಲೆ ಕೆಂಪು ಹೋಯ್ತು, ತುರಿಕಿ ಹೋಯ್ತು. ಹೌದಿಲ್ಲ?"

"ಹೌದ್ರಿ ಮೇಡಂ. ಜಾದೂನೇ ಆಯ್ತ್ರಿ."

"ಜಾದೂನೇ ಇದು. ಇದರಾಗ ಸ್ಟೆರಾಯ್ಡ್ ಅದ. ಕೆಂಪು ಮುಚ್ತದ, ಫಂಗಸ್ ಒಳಗ ಆರಾಮ ಬೆಳೀತದ. ಇನ್ನ ಇದಕ್ಕ ಕೈ ಹಚ್ಚಬ್ಯಾಡ್ರಿ."

ಆಮೇಲೆ ಬೇರೆ ಮುಲಾಮು ಬರೆದುಕೊಟ್ಟರು, ಬರೀ ಫಂಗಸ್‌ಗೆ ಮಾತ್ರ ಇರುವಂಥದ್ದು. ತಮ್ಮ ಪೆನ್ನಿನ ಹಿಂತುದಿಯಿಂದ ಆಕೆಯ ಕೈ ಮೇಲೆ, ಮುಟ್ಟಿಯೂ ಮುಟ್ಟದಂತೆ, ಉಂಗುರದ ಹೊರಗೆ ಇನ್ನೊಂದು ಸುತ್ತು ತೋರಿಸಿದರು.

"ನಡಕ ಆರಾಮ ಆದಂಗ ಕಾಣ್ತದ. ಜೀವ ಇರೂದು ಅಂಚಿನಾಗ. ಅಂಚಿಗಿಂತ ಆಚಿಗಿ ಎರಡು ಬೆರಳು, ಅಲ್ಲಿ ತನಕ ಹಚ್ಚಬೇಕು. ತೊಳದು, ಪೂರಾ ಒರಸ್ಕೊಂಡು, ತೆಳ್ಳಗ, ಮುಂಜಾನಿ ಸಂಜಿ. ಉಂಗುರ ಹೋದ ಮ್ಯಾಲೂ ಎರಡು ವಾರ ಬಿಡಬಾರದು. ಟಾವೆಲ್ ಬ್ಯಾರೆ, ಹಾಸಿಗಿ ಬ್ಯಾರೆ, ಬಟ್ಟಿ ಬಿಸಿನೀರಾಗ ಹಾಕಿ ಬಿಸಿಲಿಗಿ ಒಣಗಸ್ರಿ."

"ಬಿಸಲ ನೀವೇ ಬರದು ಕೊಡ್ರಿ ಮೇಡಂ," ಎಂದಳು ಸುಮನಬಾಯಿ. "ನಮ್ಮ ಊರಾಗ ಸಿಗವಲ್ದು."

ಡಾಕ್ಟರು ನಕ್ಕರು. ಬಿಸಿಲಿಲ್ಲದಿದ್ದರೆ ಇಸ್ತ್ರಿ ಮಾಡಿ ಎಂದರು. ಅಡುಗೆ ಮಾಡಬಹುದೇ ಎಂದು ನಾನು ಕೇಳಿದೆ. ಕೈ ತೊಳೆದು, ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು ಮಾಡಬಹುದು, ಒದ್ದೆಯಾದರೆ ಆ ಬಟ್ಟೆ ಬಿಚ್ಚಿಬಿಡಬೇಕು, ಇದು ಉಣ್ಣುವ ಅನ್ನದಿಂದ ಬರುವ ರೋಗವಲ್ಲ, ಮೈಯಿಂದ ಮೈಗೆ, ಬಟ್ಟೆಯಿಂದ ಮೈಗೆ ಎಂದರು. ಕೊನೆಗೆ, "ಊರಾಗ ಮತ್ತ ಯಾರಿಗದ?" ಎಂದು ಕೇಳಿದರು.

"ಸಣ್ಣ ಹುಡುಗರಿಗಿ ಅದರಿ. ದೊಡ್ಡವರಾಗ ನನಗ ಒಬ್ಬಾಕಿಗೇರಿ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಒಬ್ಬಾಕಿಗೇ ಇರೂದಿಲ್ಲ ಇದು," ಎಂದರು. "ಇನ್ನೊಂದು ಮಾತು. ಆ ಹಳಿ ಟ್ಯೂಬ್ ಬಿಟ್ಟೀರಲ್ಲ, ಮೊದಲ ಹದಿನೈದು ದಿನ ಹೆಚ್ಚಾದಂಗ ಕಾಣ್ತದ. ಅಂಜಬ್ಯಾಡ್ರಿ."

ಮೆಟ್ಟಿಲಿಳಿಯುವಾಗ ಜಗದೇವಿ ಲೆಕ್ಕ ಹಾಕಿದಳು. "ಹದಿನೈದು ದಿನ ಅಂದ್ರ ಪೋಳಾನೇ ಆಯ್ತಲ್ಲವ್ವ."

ಡಾಕ್ಟರು ಹೇಳಿದಂತೆಯೇ ಆಯಿತು. ಅಂಚು ಕೆಂಪಗೆ ಉರಿಯಿತು. ಸುಮನಬಾಯಿ ಬೆಳಿಗ್ಗೆ ಅಡುಗೆಗೆ ಮೊದಲು ಕೈ ತೊಳೆದು, ಒರೆಸಿ, ಉಂಗುರದ ಪಕ್ಕ ಎಡಗೈಯ ಎರಡು ಬೆರಳಿಟ್ಟು ಅಳೆದು, ಅಲ್ಲಿಯವರೆಗೆ ಮುಲಾಮು ಹಚ್ಚುತ್ತಿದ್ದಳು. ಮೇಲೆ ಹಳೆಯ ಧೋತರದ ಬಟ್ಟೆ ಕಟ್ಟುತ್ತಿದ್ದಳು. ಅನ್ನದ ಹಬೆಗೆ ಅದು ಒದ್ದೆಯಾಗುತ್ತಿತ್ತು, ಬಿಚ್ಚುತ್ತಿದ್ದಳು, ಸಾಬೂನು ಹಚ್ಚಿ ಕೈ ತೊಳೆದು ಮತ್ತೆ ಒಲೆಗೆ ನಿಲ್ಲುತ್ತಿದ್ದಳು. "ಕಟ್ಟಿದ್ರ ಮುಚ್ಚಿಟ್ಟಾಳ ಅಂತಾರ, ಬಿಚ್ಚಿದ್ರ ತೋರಸ್ಲತ್ತಾಳ ಅಂತಾರ," ಎಂದು ಒಲೆಯೊಳಗಿನ ಬೆಂಕಿಗೆ ಹೇಳುತ್ತಿದ್ದಳು. ಬಡಿಸುವುದನ್ನೆಲ್ಲ ಜಗದೇವಿಗೆ ಬಿಟ್ಟುಕೊಟ್ಟಿದ್ದಳು. ಆದರೂ ದಿನಕ್ಕೊಬ್ಬರಂತೆ ಮಕ್ಕಳು ಮನೆಯಿಂದ ಊಟದ ಡಬ್ಬಿ ತರಲು ಶುರುಮಾಡಿದರು.

ಉದಗೀರಿನ ನಾದಿನಿ ಅದೇ ಹಳೆಯ ಜಾತಿಯ ಇನ್ನೊಂದು ಟ್ಯೂಬ್ ಕಳಿಸಿದಳು. ಸುಮನಬಾಯಿ ಅದನ್ನು ತಂದು ನನ್ನ ಕೈಗೆ ಕೊಟ್ಟಳು.

"ಇದು ನಿಮ್ಮ ಕಪಾಟಿನಾಗ ಇಟ್ಟು ಕೀಲಿ ಹಾಕ್ರಿ ಸರ್. ಮನ್ಯಾಗಿದ್ರ ನಾ ಹಚ್ಚಿಬಿಡ್ತೇನಿ."

ಬೀದರಿನಲ್ಲಿ ಡಾಕ್ಟರ ಕೈಗೆ ಮುಟ್ಟಿಸಿಬಿಡುತ್ತೇನೆಂದು ಹೇಳಿ ಕಪಾಟಿನಲ್ಲಿ ಇಟ್ಟೆ. ಪೋಳಾ ಹತ್ತಿರ ಬಂದ ಸೋಮವಾರ ಆಕೆ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಳು. ಮಕ್ಕಳು ಬರೆಯುತ್ತಿದ್ದರು. ಕೈಗೆ ಬಟ್ಟೆ ಕಟ್ಟಿರಲಿಲ್ಲ. ನಾನು ಹೊರಗೆ ಬಂದೆ.

"ಕೊಡ್ರಿ ಸರ್ ಅದು. ಎರಡು ದಿನ ಹಚ್ಚಿದ್ರ ಸಾಫ್ ಆಗ್ತದ. ಮಾಣಿಕರಾವ ಕಾಕಾ ನೋಡಿ ಹೋಗ್ಲಿ. ಆಮ್ಯಾಲ ಬಿಡ್ತೇನಿ."

ಕೊಡಬಾರದೆಂದು ನನಗೆ ಗೊತ್ತಿತ್ತು. ಕೊಡದಿದ್ದರೆ ಆಕೆ ಏನು ಕಳೆದುಕೊಳ್ಳುತ್ತಾಳೆಂಬುದೂ ಗೊತ್ತಿತ್ತು. ಕೀಲಿ ಕೈಗೆ ತೆಗೆದುಕೊಂಡೆ, ಆದರೆ ಹೆಜ್ಜೆ ಎತ್ತಲಿಲ್ಲ. ಅಂಗಳದ ತಗ್ಗಿನಲ್ಲಿ ನಿಂತ ನೀರನ್ನು ಆಕೆ ನೋಡುತ್ತಿದ್ದಳು.

"ಇರ್ಲಿ ಬಿಡ್ರಿ," ಎಂದಳು. "ಪೋಳಾ ದಾಟ್ತದ, ಮುಂದ ದೀಪಾವಳಿ ಬರ್ತದ. ಎಷ್ಟು ಸಲ ಸಾಫ್ ಆಗ್ಲಿ. ಇದ್ದ ಕೈನೇ ನೋಡ್ಲಿ." ಹಾಗೆಂದು ಅಡುಗೆ ಕೋಣೆಗೆ ಹೋದಳು.

ಮರುದಿನವೇ ಆ ಮಂಗಳವಾರ.

ಮೊದಲ ಸಾಲಿಗೆ ಅನ್ನ, ಬೇಳೆ ಸಾರು ಬಡಿಸಿಯಾಗಿತ್ತು. ಸಾರಿನ ದೊಡ್ಡ ಪಾತೇಲಿ ಅಡುಗೆ ಕೋಣೆಯ ಹೊಸ್ತಿಲ ಹೊರಗಿತ್ತು. ಅದರಿಂದ ಜಗದೇವಿ ಬಕೆಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದಳು. ಸುಮನಬಾಯಿ ಹೊಸ್ತಿಲ ಒಳಗೆ, ಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ಕಸ್ತೂರಬಾಯಿ ಹೊಲದಿಂದ ನೇರವಾಗಿ ಬಂದಳು. ಕಾಲಿಗೆ ಮೆತ್ತಿದ ಕಪ್ಪು ಮಣ್ಣು, ಸೀರೆಯ ಮೇಲೆ ಒದ್ದೆ ಅಂಗಿ, ತೋಳು ಬೆರಳಿನವರೆಗೂ ಇಳಿದು ನೀರು ತೊಟ್ಟಿಕ್ಕುತ್ತಿತ್ತು. ಅಂದು ಬೆಳಿಗ್ಗೆ ಅಂಬಿಕಾಳ ಕುತ್ತಿಗೆಯ ಉಂಗುರ ಗದ್ದದವರೆಗೂ ಬಂದದ್ದನ್ನು ಆಕೆ ನೋಡಿದ್ದಳಂತೆ; ಇದು ನನಗೆ ಆಮೇಲೆ ತಿಳಿದದ್ದು.

ವರಾಂಡಕ್ಕೆ ಹೋಗಿ ಮಗಳ ಮುಂದಿನ ತಟ್ಟೆ ಎತ್ತಿದಳು. ಅಂಗಳಕ್ಕೆ ಸುರಿದಳು. ಹಳದಿ ಸಾರು ನಿಂತ ನೀರಿಗೆ ಬಿದ್ದು ನಿಧಾನವಾಗಿ ಹರಡಿತು. ಅಂಬಿಕಾ ಎರಡೂ ಕೈಯಿಂದ ಕುತ್ತಿಗೆ ಮುಚ್ಚಿಕೊಂಡಳು.

"ಎಷ್ಟು ಸಲ ಹೇಳಬೇಕು ನಿಮಗ? ಊರ ಕೂಸುಗೋಳ ಮೈಯೆಲ್ಲಾ ಹುಳ ಹಚ್ಚಿ ಕೂತಾಳ ಇಕಿ! ಉಣ್ಣಬ್ಯಾಡ್ರೋ, ಯಾರೂ ಉಣ್ಣಬ್ಯಾಡ್ರಿ!"

ಹೆಡ್ ಮೇಡಂ ಆಫೀಸಿನಿಂದ ಓಡಿಬಂದರು. "ಕಸ್ತೂರಬಾಯಿ, ಹಿಂಗ್ಯಾಕ ಮಾಡ್ತೀರಿ" ಎಂದರು. ಕಸ್ತೂರಬಾಯಿ ಕೇಳಿಸಿಕೊಳ್ಳಲಿಲ್ಲ. ಪಾತೇಲಿಯ ಕಡೆ ಬಂದಳು. ಅದನ್ನು ಪೂರ್ತಿ ಬೋರಲು ಹಾಕುವ ಉದ್ದೇಶವೇ ಆಕೆಗಿತ್ತು; 'ಇದನ್ನೂ ಚೆಲ್ಲತೇನಿ' ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬಗ್ಗಿ ಹಿಡಿಕೆಗೆ ಕೈ ಹಾಕಿದಳು. ಒದ್ದೆ ತೋಳು ಇಳಿದು ಕೈಗೆ ಅಡ್ಡ ಬಂತು. ಆಗ ಆಕೆ ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಭಾರದ ಪಾತ್ರೆ ಎತ್ತುವ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದಳು. ಒಂದು ತೋಳನ್ನು, ಆಮೇಲೆ ಇನ್ನೊಂದನ್ನು, ಮೊಳಕೈ ದಾಟುವವರೆಗೆ ಏರಿಸಿದಳು.

ಮಣಿಕಟ್ಟಿನಿಂದ ಮೊಳಕೈವರೆಗೆ ಉಂಗುರಗಳಿದ್ದವು. ಸುಮನಬಾಯಿಯ ಕೈಗಿಂತ ಹೆಚ್ಚು, ಅದಕ್ಕಿಂತ ಹಳೆಯವು. ಕೆಲವು ಒಂದಕ್ಕೊಂದು ಕೂಡಿ ನಕಾಶೆಯ ಗಡಿಗಳಂತೆ ಆಗಿದ್ದವು. ಎಷ್ಟೋ ತಿಂಗಳು ತುರಿಸಿಕೊಂಡು ಚರ್ಮ ಕಪ್ಪಾಗಿ ದಪ್ಪವಾಗಿತ್ತು. ನಾನು ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ನೋಡಿದೆ.

ಕಸ್ತೂರಬಾಯಿ ಹಿಡಿಕೆ ಹಿಡಿದಿದ್ದಳು. ಸುತ್ತಲೂ ಸದ್ದು ನಿಂತದ್ದರಿಂದ ತಲೆ ಎತ್ತಿದಳು. ಜಗದೇವಿ ಬಕೆಟ್ಟು ಹಿಡಿದು ನಿಂತಲ್ಲೇ ನಿಂತಿದ್ದಳು. ಮೊದಲ ಸಾಲಿನ ಮಕ್ಕಳೆಲ್ಲ ಆ ಕೈಗಳನ್ನೇ ನೋಡುತ್ತಿದ್ದರು. ಕಸ್ತೂರಬಾಯಿ ಅವರ ಕಣ್ಣು ಹೋದ ಕಡೆ ತಾನೂ ನೋಡಿಕೊಂಡಳು. ಆಗ ಆಕೆಯ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ನಾಚಿಕೆಯೂ ಅಲ್ಲ. ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಮುಖದಲ್ಲಿ ಅಂಥದ್ದು ಕಾಣುತ್ತದೆ. ಈಗ ಸುಮನಬಾಯಿ ಒಂದು ಮಾತು ಅಂದರೆ ಸಾಕಿತ್ತು. ಒಂದೇ ಮಾತು. ಅದನ್ನು ಅನ್ನುವ ಹಕ್ಕು ಆಕೆಗಿತ್ತು, ಕೇಳಲು ನಾನೂ ಕಾಯುತ್ತಿದ್ದೆ.

ಸುಮನಬಾಯಿ ಹೊಸ್ತಿಲು ದಾಟಿ ಹೊರಗೆ ಬಂದಳು. ಕಸ್ತೂರಬಾಯಿಯ ಬಲಗೈಯ ತೋಳಿನ ಅಂಚು ಹಿಡಿದು ಮೆಲ್ಲಗೆ ಕೆಳಗೆಳೆದಳು. ಆಮೇಲೆ ಎಡಗೈಯದು.

"ತೋಳ ಇಳಸ್ಕೋ ಅಕ್ಕಾ," ಎಂದಳು, ಆಕೆಗೆ ಮಾತ್ರ ಕೇಳುವಂತೆ. "ಹುಡುಗರು ನೋಡ್ಲತ್ತಾವ."

ಆಮೇಲೆ ಒಳಗೆ ಹೋಗಿ, ಒಂದು ಚೊಂಬು ನೀರು ತಂದು ಆಕೆಯ ಪಕ್ಕ ಇಟ್ಟಳು. ಕಸ್ತೂರಬಾಯಿ ಮೆಟ್ಟಿಲ ಮೇಲೆ ಕುಸಿದು ಕೂತಳು. ನೀರು ಕುಡಿಯಲಿಲ್ಲ, ಎದ್ದು ಹೋಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳ ಕಡೆ ತಿರುಗದೆಯೇ, "ಉಣ್ಣು," ಎಂದಳು. ಅಂಬಿಕಾ ತನ್ನ ಖಾಲಿ ತಟ್ಟೆಯನ್ನು ತಾನೇ ತೊಳೆದುಕೊಂಡು ಬಂದು ಮತ್ತೆ ಕೂತಳು. ಜಗದೇವಿ ಬಡಿಸಿದಳು. ಚಮಚವಿಲ್ಲದ ಆ ಊಟದಲ್ಲಿ ತಟ್ಟೆಗೆ ಬೆರಳು ತಾಗುವ ಸದ್ದು ಮಾತ್ರ ಕೇಳುತ್ತಿತ್ತು.

ಪೋಳಾ ಬಂತು. ಬಣ್ಣ ಬಳಿದ ಕೋಡಿನ, ಬೆನ್ನ ಮೇಲೆ ಝೂಲಿನ ಬಟ್ಟೆ ಹೊದ್ದ ಎತ್ತುಗಳು ತುಂತುರಿನಲ್ಲಿ ಹಾದುಹೋದವು. ಬಣ್ಣ ಕರಗಿ ಕತ್ತಿನ ಮೇಲೆ ಇಳಿಯುತ್ತಿತ್ತು. ಮರುದಿನ ಮಾಣಿಕರಾವ ಶಾಲೆಗೆ ಬಂದು ವರಾಂಡದಲ್ಲಿ ಕೂತರು. ದೂರು ಹೇಳುವವರು ಬರಲೆಂದು ಕಾದರು. ಯಾರೂ ಬರಲಿಲ್ಲ. "ಕಸ್ತೂರಬಾಯಿನೂ ಏನೂ ಅನ್ನಲಿಲ್ಲೇನು?" ಎಂದು ನನ್ನನ್ನು ಕೇಳಿದರು. "ಅನ್ನಲಿಲ್ರಿ," ಎಂದೆ. "ಹಂಗಾದ್ರ ಸುಮ್ಮ ಇರೂಣು," ಎಂದು ಎದ್ದರು.

ಆ ವಾರದ ಕೊನೆಗೆ ಅಂಬಿಕಾ ಬಂದು ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು, "ಬೀದರದಾಗ ಡಾಕ್ಟರ್ ಯಾವ ದಿನ ಕೂಡ್ತಾರಂತ ನಮ್ಮವ್ವ ಕೇಳ್ಯಾಳ," ಎಂದಳು. ಮುಂದಿನ ವಾರಗಳಲ್ಲಿ ಬೆಳಗಿನ ಬೀದರ್ ಬಸ್ಸಿಗೆ ಹೆಂಗಸರು ಇಬ್ಬಿಬ್ಬರಾಗಿ ಹೋದರು. ಸೊಂಟದಲ್ಲಿ, ಲಂಗದ ಲಾಡಿ ಕಟ್ಟುವಲ್ಲಿ, ಬೆನ್ನಿನಲ್ಲಿ, ತೊಡೆಯಲ್ಲಿ, ತಾವು ಯಾರಿಗೂ ತೋರಿಸದ ಜಾಗಗಳಲ್ಲಿ ಅವರೆಲ್ಲ ಅದನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ಕೆಲಸಕ್ಕೆ ನಿಂತಾಗ ಮುಚ್ಚಿಕೊಳ್ಳಲಾಗದ ಜಾಗದಲ್ಲಿ ಇದ್ದದ್ದು ಒಬ್ಬಳಿಗೆ ಮಾತ್ರ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಬಿಸಿಲು ಬಂತು. ಕಸ್ತೂರಬಾಯಿಯ ಹೊಲದಲ್ಲಿ ದೊಡ್ಡ ಹಂಡೆಯಲ್ಲಿ ಆ ಅಂಗಿಗಳನ್ನೆಲ್ಲ ಕುದಿಸಿದರು. ಎರಡು ಬೇವಿನ ಮರಗಳ ನಡುವೆ ಹಗ್ಗ ಕಟ್ಟಿ ಸಾಲಾಗಿ ಒಣಹಾಕಿದರು. ನಾನು ದಾರಿಯಲ್ಲಿ ನಿಂತು ನೋಡಿದೆ. ಹಬೆ ಏಳುತ್ತಿತ್ತು, ಖಾಲಿ ತೋಳುಗಳು ಗಾಳಿಗೆ ನಿಧಾನವಾಗಿ ಎದ್ದು ಇಳಿಯುತ್ತಿದ್ದವು. ಆಮೇಲೆ ಪ್ರತಿಯೊಬ್ಬಳೂ ತನ್ನ ಅಂಗಿಯನ್ನು ತನ್ನ ಮನೆಗೆ ಒಯ್ದಳು.

ಸುಮನಬಾಯಿಯ ಕೈ ನಿಧಾನವಾಗಿ ತಿಳಿಯಾಯಿತು. ಯಾವ ದಿನ ಎಂದು ಹೇಳಲಾಗದಂತೆ ಅಂಚು ಮಸುಕಾಗಿ, ಕಂದುಬಣ್ಣಕ್ಕೆ ತಿರುಗಿ, ಒಂದು ದಿನ ಇಲ್ಲವಾಯಿತು. ಅದಾದ ಮೇಲೂ ಎರಡು ವಾರ ಆಕೆ ಬೆಳಿಗ್ಗೆ ಸಂಜೆ ಮುಲಾಮು ಹಚ್ಚುವುದನ್ನು ಬಿಡಲಿಲ್ಲ. ಎಲ್ಲಿತ್ತೆಂದು ನೆನಪಿನಿಂದಲೇ ಗುರುತಿಸಿ, ಪಕ್ಕಕ್ಕೆ ಎರಡು ಬೆರಳಿಟ್ಟು, ಇಲ್ಲದ ಉಂಗುರದ ಸುತ್ತ ಬೆರಳು ತಿರುಗಿಸುತ್ತಿದ್ದಳು.

ಮರುವರ್ಷ ನನಗೆ ಭಾಲ್ಕಿಯ ಹತ್ತಿರಕ್ಕೆ ವರ್ಗವಾಯಿತು.

ಆ ಮಧ್ಯಾಹ್ನ ನನ್ನ ಜೊತೆ ಅದನ್ನು ಕಂಡವರಲ್ಲಿ ಹೆಡ್ ಮೇಡಂ ಈಗಿಲ್ಲ. ನಿವೃತ್ತಿಯಾದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಜಗದೇವಿ ಇದ್ದಾಳೆ, ಅದೇ ಶಾಲೆಯಲ್ಲಿ. ಮೊದಲ ಸಾಲಿನಲ್ಲಿ ಕೂತಿದ್ದ ಮಕ್ಕಳೆಲ್ಲ ಇದ್ದಾರೆ. ಅಂಬಿಕಾ ಬೀದರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಕಸ್ತೂರಬಾಯಿ ಇದ್ದಾಳೆ. ಇದನ್ನು ಬರೆಯಲೇ ಎಂದು ಫೋನ್ ಮಾಡಿ ಕೇಳಿದಾಗ, "ಬರೀರಿ ಮಾಸ್ತರ್ರ. ತೋಳ ನಾನೇ ಏರಿಸೀನಿ, ಯಾರೂ ಏರಿಸಿಲ್ಲ," ಎಂದಳು.

ಸುಮನಬಾಯಿಯೂ ಇದ್ದಾಳೆ. ಆಕೆಯನ್ನೂ ಕೇಳಿದೆ.

"ಯಾವ್ದು ಸರ್? ನಾ ಏನೂ ನೋಡಿಲ್ರಿ," ಎಂದಳು. "ನಾ ಆವಾಗ ಒಲಿ ಕಡಿ ಮುಖ ಮಾಡಿ ನಿಂತಿದ್ದೆ."

ಒಲೆ ಆಕೆಯ ಬೆನ್ನ ಹಿಂದೆ ಇತ್ತು.